ಡಿಸೆಂಬರ್ ತಿಂಗಳ ದಾನ: ಯಾರಿಗೆ ಕೊಡೋಣ, ಏನು ಕೇಳಿ ಕೊಡೋಣ?



ಸ್ವಲ್ಪ ಉದ್ದದ ಬರಹ ಇದು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈಯಿರಿ, ಬೇಜಾರಿಲ್ಲ.

ಡಿಸೆಂಬರ್ ಬಂತು ಅಂದ್ರೆ ಫೋನಿಗೆ ಕ್ಯೂಆರ್ ಕೋಡುಗಳ ಸುರಿಮಳೆ. ಕ್ರಿಸ್‌ಮಸ್‌ಗೆ ಅನಾಥ ಮಕ್ಕಳಿಗೆ ಕೇಕು ಕೊಡಿ, ಬೀದಿಯಲ್ಲಿ ಮಲಗೋರಿಗೆ ಕಂಬಳಿ ಕೊಡಿ, ಒಂದು ಮಗುವಿನ ವರ್ಷದ ಊಟದ ಖರ್ಚು ಹೊತ್ಕೊಳ್ಳಿ, ವೃದ್ಧಾಶ್ರಮಕ್ಕೆ ಅಕ್ಕಿ ಮೂಟೆ ಕೊಡಿ. ಪ್ರತಿಯೊಂದರ ಜೊತೆಗೂ ಒಂದು ಫೋಟೋ. ಫೋಟೋದಲ್ಲಿ ಮೂಗು ಸೋರೋ ಒಂದು ಕಪ್ಪು ಮಗು. ಆ ಮಗು ಯಾವ ಕೇರಿದು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ದಾನ ಕೇಳೋ ಪೋಸ್ಟರಿನಲ್ಲಿ ನಮ್ಮ ಮುಖಕ್ಕೆ ಯಾವತ್ತೂ ಮೀಸಲಾತಿ ಇದೆ. ಆ ಸಂಸ್ಥೆಯ ಆಡಳಿತ ಮಂಡಳಿಯ ಫೋಟೋದಲ್ಲಿ ಮಾತ್ರ ಇಲ್ಲ.

ಈ ಮಾತು ಈಗ ಯಾಕೆ ಅಂದ್ರೆ, ನಾವೂ ಈ ವಾರ ದುಡ್ಡು ಹಂಚೋಕೆ ಕೂತಿದ್ದೀವಿ. ನಾವು ಅಂದ್ರೆ ಹನ್ನೆರಡು ಜನ. ಇಬ್ಬರು ಮೇಷ್ಟ್ರು, ಒಬ್ಬರು ನರ್ಸ್, ಒಬ್ಬರು ಬಸ್ ಕಂಡಕ್ಟರ್, ಇಬ್ಬರು ಪೌರಕಾರ್ಮಿಕರು, ಒಬ್ಬ ಆಟೋ ಓಡಿಸೋ ತಮ್ಮ, ಗುಮಾಸ್ತ ನಾನು, ಹೀಗೆ. ಮೂವರು ಚರ್ಚಿಗೆ ಹೋಗೋರು, ನಾಲ್ಕು ಜನ ಬೌದ್ಧರು, ಉಳಿದೋರು ಮನೆದೇವರಿಗೆ ಕೈಮುಗಿಯೋರು. ತಿಂಗಳಿಗೆ ತಲಾ 300 ರೂಪಾಯಿ ಹಾಕ್ತೀವಿ. ವರ್ಷಕ್ಕೆ 43,200 ಆಗುತ್ತೆ. ಅದನ್ನ ಡಿಸೆಂಬರ್ 25ಕ್ಕೆ ಹಂಚಬೇಕು ಅಂತ ಮೊದಲಿಂದ ನಮ್ಮ ನಿಯಮ. ದೊಡ್ಡ ಮೊತ್ತ ಅಲ್ಲ ಅಂತ ಗೊತ್ತು. ಆದ್ರೆ ಪೌರಕಾರ್ಮಿಕ ಅಕ್ಕ ಹಾಕೋ 300 ರೂಪಾಯಿ ಅವರ ಮನೆಯ ಒಂದು ವಾರದ ತರಕಾರಿ ದುಡ್ಡು. ಅದನ್ನ ಎಲ್ಲಿಗೆ ಕಳಿಸ್ತೀವಿ ಅಂತ ಲೆಕ್ಕ ಹೇಳೋದು ನಮ್ಮ ಕರ್ತವ್ಯ.

ಡಿಸೆಂಬರ್ 25 ಯಾಕೆ ಅಂತ ಕೆಲವರು ಕೇಳ್ತಾರೆ. ಎರಡು ಕಾರಣ. ಕ್ರಿಸ್‌ಮಸ್ ಏನೋ 'ಅವರ' ಹಬ್ಬ ಅಂದುಕೊಂಡಿರೋರು ಒಂದ್ಸಲ ಕೆಜಿಎಫ್ ಕಡೆ ಹೋಗಿ ಬನ್ನಿ, ಬೀದರ್ ಕಡೆ ಹೋಗಿ ಬನ್ನಿ. ಅಲ್ಲಿ ಎಷ್ಟೋ ಕೇರಿಗಳಲ್ಲಿ ವರ್ಷದ ದೊಡ್ಡ ಹಬ್ಬವೇ ಅದು. ಮನೆ ಮೇಲೆ ತೂಗೋ ಕಾಗದದ ನಕ್ಷತ್ರ ನಮ್ಮ ಅಕ್ಕ ತಂಗಿಯರ ಮನೆಯದ್ದೇ. ಎರಡನೇ ಕಾರಣ, 1927ರ ಡಿಸೆಂಬರ್ 25ರಂದೇ ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿ ಸುಟ್ಟಿದ್ದು. ಅದೇ ವರ್ಷ ಮಾರ್ಚ್‌ನಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮೋರಿಗೆ ಹೊಡೆದಿದ್ದರು. ಇನ್ನೊಂದು ಡಿಸೆಂಬರ್ 25 ಕೂಡ ಇದೆ, ಅದನ್ನ ಮರೆಯೋ ಹಾಗಿಲ್ಲ. 1968ರಲ್ಲಿ, ತಮಿಳುನಾಡಿನ ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ, ಕೂಲಿ ಹೆಚ್ಚು ಕೇಳಿದ್ದಕ್ಕೆ ಗುಡಿಸಲಲ್ಲಿ ಕೂಡಿಹಾಕಿ 44 ಜನರನ್ನ ಸುಟ್ಟರು. ಹೆಂಗಸರು, ಮಕ್ಕಳೇ ಹೆಚ್ಚು. ಅವರು ಯಾರ ಹತ್ರನೂ ದಾನ ಕೇಳಿರಲಿಲ್ಲ. ದುಡಿದಿದ್ದಕ್ಕೆ ಕೂಲಿ ಕೇಳಿದ್ದರು.

ಹಾಗಾಗಿ ನಮಗೆ ಡಿಸೆಂಬರ್ 25 ಅಂದ್ರೆ ಕೇಕ್ ಹಂಚೋ ದಿನ ಮಾತ್ರ ಅಲ್ಲ. ಕೊಡೋದು ಅಂದ್ರೆ ಏನು, ಯಾರಿಗೆ ಯಾಕೆ ಕೊಡ್ತೀವಿ ಅಂತ ಕೇಳಿಕೊಳ್ಳೋ ದಿನ.

ಈ ಪ್ರಶ್ನೆ ಹಳೇದು. ಬಾಬಾಸಾಹೇಬರ ಜೀವನದಲ್ಲೇ ಎರಡು ಕಡೆ ಬರುತ್ತೆ.

ಮೊದಲನೇದು ಬರೋಡದ್ದು. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ಸಹಾಯ ಇಲ್ಲದಿದ್ದರೆ ಇವತ್ತು ನಾವು ನೋಡೋ ಅಂಬೇಡ್ಕರ್ ಆಗ್ತಿದ್ರೋ ಇಲ್ವೋ. ಅದು ನಿಜವಾದ ದೊಡ್ಡತನ, ಮರೆಯಬಾರದು. ಆದ್ರೆ 1917ರಲ್ಲಿ ಅದೇ ಬರೋಡಕ್ಕೆ ಕೆಲಸಕ್ಕೆ ಬಂದಾಗ ಏನಾಯ್ತು? ಇರೋಕೆ ಒಂದು ಬಾಡಿಗೆ ಮನೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿ ಛತ್ರದಲ್ಲಿ ಉಳಿದರು. ಗೊತ್ತಾದ ತಕ್ಷಣ ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಅಮೆರಿಕದಲ್ಲಿ ಓದಿಸೋಕೆ ದುಡ್ಡು ಕೊಟ್ಟ ಊರು ತಲೆ ಮೇಲೊಂದು ಸೂರು ಕೊಡಲಿಲ್ಲ. ಮಹಾರಾಜರ ಖಜಾನೆ ಒಬ್ಬ ಹುಡುಗನನ್ನ ಮೇಲೆತ್ತಿತು, ಊರಿನ ಜಾತಿ ಇದ್ದ ಹಾಗೇ ಇತ್ತು. ದಾನಕ್ಕೆ ಎಲ್ಲಿವರೆಗೆ ಕೈ ಚಾಚುತ್ತೆ ಅನ್ನೋದು ಇದರಲ್ಲಿ ಕಾಣುತ್ತೆ.

ಎರಡನೇದು 1932ರದ್ದು. ಪೂನಾ ಒಪ್ಪಂದ ಆದ ಬೆನ್ನಲ್ಲೇ ಅಸ್ಪೃಶ್ಯತಾ ವಿರೋಧಿ ಲೀಗ್ ಅಂತ ಒಂದು ಸಂಸ್ಥೆ ಶುರುವಾಯ್ತು. ಆಮೇಲೆ ಅದೇ ಹರಿಜನ ಸೇವಕ ಸಂಘ ಆಯ್ತು. ಘನಶ್ಯಾಮ ದಾಸ್ ಬಿರ್ಲಾ ಅಧ್ಯಕ್ಷರು, ಎ.ವಿ. ಠಕ್ಕರ್ ಕಾರ್ಯದರ್ಶಿ. ಆ ನವೆಂಬರ್‌ನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹಡಗಿನಲ್ಲಿ ಹೋಗ್ತಾ ಬಾಬಾಸಾಹೇಬರು ಠಕ್ಕರ್ ಅವರಿಗೆ ಒಂದು ಉದ್ದನೆಯ ಪತ್ರ ಬರೆದರು. ಅದರ ಸಾರ ಹೀಗಿದೆ: ಶಾಲೆ, ಗ್ರಂಥಾಲಯ, ಕುಡಿತ ಬಿಡಿಸೋದು ಇವೆಲ್ಲ ಒಬ್ಬೊಬ್ಬರನ್ನ ಸುಧಾರಿಸೋ ಕೆಲಸ. ಆದ್ರೆ ನಮ್ಮ ಜನ ಹಿಂದೆ ಇರೋದು ಅವರ ದುರ್ಗುಣದಿಂದ ಅಲ್ಲ, ಸುತ್ತಲಿನ ವ್ಯವಸ್ಥೆಯಿಂದ. ಹಾಗಾಗಿ ಬಾವಿ, ಶಾಲೆ, ಚಾವಡಿ, ಗಾಡಿ ಇವುಗಳಲ್ಲಿ ನಾಗರಿಕ ಹಕ್ಕು ಕೊಡಿಸೋಕೆ ಊರೂರಲ್ಲಿ ಹೋರಾಡಿ, ದುಡಿಮೆಯಲ್ಲಿ ಸಮಾನ ಅವಕಾಶ ಕೊಡಿಸಿ, ಮನೆಗಳಲ್ಲಿ ಬೆರೆಯೋ ಹಾಗೆ ಮಾಡಿ. ಮತ್ತೆ ಈ ಕೆಲಸಕ್ಕೆ ನಮ್ಮ ಜನರನ್ನೇ ತಗೊಳ್ಳಿ, ಸಂಬಳಕ್ಕೆ ದುಡಿಯೋನಿಗೂ ಮನಸ್ಸಿಂದ ದುಡಿಯೋನಿಗೂ ವ್ಯತ್ಯಾಸ ಇರುತ್ತೆ.

ಆ ಪತ್ರಕ್ಕೆ ಒಂದು ಸ್ವೀಕೃತಿ ಕೂಡ ಬರಲಿಲ್ಲ ಅಂತ ಬಾಬಾಸಾಹೇಬರೇ ಆಮೇಲೆ ಬರೆದರು. ಟಪಾಲು ಸೆಕ್ಷನ್ನಿನಲ್ಲಿ ವರ್ಷಗಟ್ಟಲೆ ಕೂತ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಉತ್ತರ ಕೊಡಬಾರದು ಅಂತ ತೀರ್ಮಾನ ಆದ ಪತ್ರಕ್ಕೆ ಇನ್ವರ್ಡ್ ನಂಬರೇ ಬೀಳಲ್ಲ.

ಸಂಘದ ಆಡಳಿತದಲ್ಲಿ ನಮ್ಮೋರು ಯಾಕಿಲ್ಲ ಅನ್ನೋದಕ್ಕೆ ಗಾಂಧೀಜಿ ಕೊಟ್ಟ ಕಾರಣ: ಇದು ಸವರ್ಣ ಹಿಂದೂಗಳು ಮಾಡೋ ಪ್ರಾಯಶ್ಚಿತ್ತ, ದುಡ್ಡು ಅವರದ್ದು, ಹಾಗಾಗಿ ನಡೆಸೋದೂ ಅವರೇ. ಗಾಂಧೀಜಿ ಮನಸ್ಸಲ್ಲಿ ಕಪಟ ಇತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ತರ್ಕ ನೋಡಿ. ಪ್ರಾಯಶ್ಚಿತ್ತ ಅಂದಮೇಲೆ ಅದು ಕೊಡೋನ ಆತ್ಮದ ವಿಷಯ ಆಯ್ತು. ತಗೊಳ್ಳೋನ ಹೊಟ್ಟೆ, ಬಾವಿ, ಭೂಮಿ ಎಲ್ಲ ಎರಡನೇ ಮಾತಾಯ್ತು. ಇವತ್ತಿನ ಡಿಸೆಂಬರ್ ದಾನದ ಬಹುಪಾಲು ಇದೇ ತರ್ಕದ ಮೇಲೆ ನಿಂತಿದೆ. ಕೊಟ್ಟ ಮೇಲೆ ನಿಮಗೆ ಹೇಗನ್ನಿಸುತ್ತೆ ಅಂತ ಜಾಹೀರಾತು ಹೇಳುತ್ತೆ. ತಗೊಂಡವರಿಗೆ ಹೇಗನ್ನಿಸ್ತು ಅಂತ ಯಾರೂ ಕೇಳಲ್ಲ.

ಇದರಿಂದ ನಾವು ಮೂರು ಪ್ರಶ್ನೆ ಮಾಡ್ಕೊಂಡಿದ್ದೀವಿ. ಯಾರೇ ಚಂದಾ ಕೇಳಲಿ, ಈ ಮೂರನ್ನ ಕೇಳ್ತೀವಿ.

ಒಂದು, ಯಾರಿಗಾಗಿ ದುಡ್ಡು ಎತ್ತುತ್ತೀರೋ ಅವರು ತೀರ್ಮಾನ ಮಾಡೋ ಜಾಗದಲ್ಲಿ ಕೂತಿದ್ದಾರಾ?

ಎರಡು, ಈ ಕೆಲಸ ಒಂದು ಹಕ್ಕನ್ನ ಹತ್ತಿರ ತರುತ್ತಾ, ಇಲ್ಲ ಹಕ್ಕು ಸಿಗದೇ ಇರೋದನ್ನ ಮುಚ್ಚಿಹಾಕುತ್ತಾ?

ಮೂರು, ತಗೊಳ್ಳೋರು ಬೇಡ ಅನ್ನಬಹುದಾ, ದೂರಬಹುದಾ, ಅವರ ಮುಖವನ್ನ ಮಾರಾಟಕ್ಕೆ ಇಟ್ಟಿದ್ದೀರಾ?

ಈಗ ನಮ್ಮ ಮುಂದೆ ಬಂದಿರೋ ಬೇಡಿಕೆಗಳನ್ನ ಒಂದೊಂದಾಗಿ ನೋಡೋಣ.

ಕೇಕು ಮತ್ತು ಅನಾಥಾಶ್ರಮ. ಮಕ್ಕಳು ಕೇಕ್ ತಿನ್ನೋದಕ್ಕೆ ನನ್ನ ವಿರೋಧ ಇಲ್ಲ, ತಿನ್ನಲಿ. ಆದ್ರೆ ಅನಾಥಾಶ್ರಮ ಅಂತ ಬೋರ್ಡು ಇರೋ ಕಡೆ ಬೆಳೀತಿರೋ ಎಷ್ಟೋ ಮಕ್ಕಳಿಗೆ ತಾಯಿ ಇದ್ದಾಳೆ, ಕೆಲವರಿಗೆ ತಂದೆನೂ ಇದ್ದಾನೆ. ಬಡತನಕ್ಕೆ ತಂದು ಬಿಟ್ಟಿರ್ತಾರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಕ್ಕಳನ್ನ ಇಟ್ಟುಕೊಳ್ಳೋ ಪ್ರತಿ ಸಂಸ್ಥೆ ನೋಂದಣಿ ಆಗಿರಲೇಬೇಕು. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆಯಲ್ಲಿರೋ ಮಗುವಿನ ಗುರುತು ಬಯಲು ಮಾಡೋ ಹಾಗಿಲ್ಲ. ಹಾಗಿದ್ರೆ ಕೆಂಪು ಟೋಪಿ ಹಾಕ್ಕೊಂಡು, ಮಗುವನ್ನ ಪಕ್ಕ ನಿಲ್ಲಿಸಿ ಸೆಲ್ಫಿ ಹಾಕೋದು ಏನು? ಕೊಡೋಕೆ ಹೋಗೋರು ಮೊದಲು ನೋಂದಣಿ ಪತ್ರ ಕೇಳಿ. ಮಗುವನ್ನ ಮನೆಗೆ ವಾಪಸ್ ಕಳಿಸೋಕೆ, ಆ ತಾಯಿಗೆ ಏನಾದ್ರೂ ದಾರಿ ಮಾಡೋಕೆ ನಿಮ್ಮ ಹತ್ರ ಯೋಜನೆ ಇದೆಯಾ ಅಂತ ಕೇಳಿ. ಉತ್ತರ ಸರಿ ಬಂದ್ರೆ ಕೊಡಿ. ಫೋನನ್ನ ಜೇಬಲ್ಲೇ ಇಟ್ಕೊಂಡು ಕೊಡಿ.

ಮಗುವಿನ ಊಟ. ಹಸಿವಿಗೆ ವಾದ ಇಲ್ಲ. ಆದ್ರೆ ಊಟದಲ್ಲೂ ಯಾರ ತಟ್ಟೆ, ಯಾರ ತೀರ್ಮಾನ ಅನ್ನೋ ಪ್ರಶ್ನೆ ಇದೆ. ಇಸ್ಕಾನ್ ಬೆಂಗಳೂರಿನಿಂದ 2000ದಲ್ಲಿ ಶುರುವಾದ ಅಕ್ಷಯ ಪಾತ್ರೆ ಲಕ್ಷಾಂತರ ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡುತ್ತೆ. ಅದು ಸಣ್ಣ ಕೆಲಸ ಅಲ್ಲ. ಆದ್ರೆ ಅವರ ಅಡುಗೆಮನೆಯಲ್ಲಿ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಮನೆಯಲ್ಲಿ ಮೊಟ್ಟೆ ತಿನ್ನೋ ಮಕ್ಕಳ ತಟ್ಟೆಗೆ ಅಡುಗೆ ಮಾಡೋರ ಮಡಿ ಬಂದು ಕೂತ್ಕೊಂಡಿದೆ. ಇನ್ನೊಂದು ಕಡೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡೋಕೆ ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡಿತು. ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಎರಡೂ ದಾನವೇ. ಒಂದರಲ್ಲಿ ಕೊಡೋನ ರುಚಿ ನಡೆಯುತ್ತೆ, ಇನ್ನೊಂದರಲ್ಲಿ ತಿನ್ನೋ ಮಗು ಆರಿಸ್ಕೊಳ್ಳುತ್ತೆ. ನಮ್ಮ ಮೂರನೇ ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ಆದ್ರೆ ಇಷ್ಟು ದೊಡ್ಡ ಸಂಸ್ಥೆಗಳಿಗೆ ನಮ್ಮ 43 ಸಾವಿರದ ಅಗತ್ಯ ಇಲ್ಲ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ಮಕ್ಕಳ ಊಟಕ್ಕೆ, ಗಿಡ ನೆಡೋದಕ್ಕೆ ಆ ದುಡ್ಡು ಸಲೀಸಾಗಿ ಹೋಗುತ್ತೆ. ಜಾತಿ ದೌರ್ಜನ್ಯದ ಕೇಸು ನಡೆಸೋಕೆ ಯಾವ ಕಂಪನಿ ಚೆಕ್ ಬರೆಯುತ್ತೆ ಹೇಳಿ?

ಕಂಬಳಿ. ನಮ್ಮ ಕಡೆ ಡಿಸೆಂಬರ್ ಚಳಿ ಸುಮ್ನೆ ಅಲ್ಲ. ಬಸ್‌ಸ್ಟ್ಯಾಂಡಲ್ಲಿ ಮಲಗೋ ಮುದುಕನಿಗೆ ಕಂಬಳಿ ಹೊದಿಸೋಕೆ ಯಾವ ತತ್ವನೂ ಬೇಕಾಗಿಲ್ಲ, ಹೊದಿಸಿ ಬನ್ನಿ. ನಾನು ಒಪ್ಪದೇ ಇರೋದು ಪೌರಕಾರ್ಮಿಕರನ್ನ ಸಾಲಾಗಿ ನಿಲ್ಲಿಸಿ ಕಂಬಳಿ, ಗ್ಲೌಸು, ಬೂಟು ಹಂಚೋ ಕಾರ್ಯಕ್ರಮ. ಗ್ಲೌಸು ಬೂಟು ಕೊಡೋದು ಕೆಲಸ ಕೊಟ್ಟವನ ಹೊಣೆ. ಅದನ್ನ ನಾವು ದಾನವಾಗಿ ಕೊಟ್ರೆ ಗುತ್ತಿಗೆದಾರನಿಗೆ ಕೊಟ್ಟ ಹಾಗೆ. ನಮ್ಮ ಗುಂಪಿನ ಪೌರಕಾರ್ಮಿಕ ಅಕ್ಕನೇ ಕಳೆದ ಸಭೆಯಲ್ಲಿ ಅಂದ್ರು: "ಶಾಲು ಹೊದಿಸಿ ಕಾಲಿಗೆ ಬೀಳ್ತಾರಪ್ಪ, ಪಿಎಫ್ ಕಟ್ಟಿಲ್ಲ ಅಂತ ಕೇಳೋಕೆ ಜೊತೆಗೆ ಬನ್ನಿ ಅಂದ್ರೆ ಒಬ್ಬರೂ ಬರಲ್ಲ."

ಇದೇ ಸಾಲಲ್ಲಿ ಮ್ಯಾನ್‌ಹೋಲ್ ಸಾವುಗಳು. ಮಲ ಹೊರೋ ಪದ್ಧತಿ ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಸಫಾಯಿ ಕರ್ಮಚಾರಿ ಆಂದೋಲನ ಹಾಕಿದ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಗುಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಕೊಡಬೇಕು ಅಂತು. 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ತೀರ್ಪಿನಲ್ಲಿ ಅದು 30 ಲಕ್ಷ ಆಯ್ತು. ಆ ಆಂದೋಲನ ಕಟ್ಟಿದವರಲ್ಲಿ ಮುಖ್ಯರಾದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಅದೇ ಕೆಲಸ ಮಾಡ್ತಿದ್ದ ಮನೆಯಲ್ಲಿ ಹುಟ್ಟಿದವರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಈಗ ಲೆಕ್ಕ ಹಾಕಿ. ಗಂಡ ಸತ್ತ ಹೆಂಗಸಿಗೆ ಒಂದು ಕಂಬಳಿ, 10 ಕೆಜಿ ಅಕ್ಕಿ ಕೊಡೋದು ಒಂದು ದಾನ. ಎಫ್‌ಐಆರ್‌ನಲ್ಲಿ ಸರಿಯಾದ ಸೆಕ್ಷನ್ ಹಾಕಿಸಿ, ಮರಣೋತ್ತರ ಪರೀಕ್ಷೆ ವರದಿ ತಗೊಂಡು, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, 30 ಲಕ್ಷ ಕೈಗೆ ಬರೋವರೆಗೂ ಅವಳ ಜೊತೆ ಓಡಾಡೋ ಒಬ್ಬ ಕಾರ್ಯಕರ್ತನ ಬಸ್ ಚಾರ್ಜು ಕೊಡೋದು ಇನ್ನೊಂದು ದಾನ. ನಮ್ಮ ಎರಡನೇ ಪ್ರಶ್ನೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇಲ್ಲೊಂದು ಮಾತು ಹೇಳಬೇಕು. "ನಮ್ಮ ಸಂಸ್ಥೆಯಲ್ಲಿ ಸಂಬಳಕ್ಕೆ ಒಂದು ಪೈಸೆನೂ ಹೋಗಲ್ಲ, ಪೂರ್ತಿ ಬಡವರಿಗೇ" ಅಂತ ಕೆಲವರು ಹೆಮ್ಮೆಯಿಂದ ಹೇಳ್ತಾರೆ. ಕೇಳೋಕೆ ಚೆಂದ. ಆದ್ರೆ ಕಂಬಳಿ ಹಂಚೋಕೆ ಸಂಬಳ ಬೇಡ, ಒಂದು ದಿನದ ಕೆಲಸ. ಕೇಸು ನಡೆಸೋಕೆ ವಕೀಲ ಬೇಕು, ಅರ್ಜಿ ಬರೆಯೋ ಹುಡುಗಿ ಬೇಕು, ಐದಾರು ವರ್ಷ ಬೇಕು. ಅಲ್ಲಿ ಸಂಬಳವೇ ಕೆಲಸ. ಉಪವಾಸ ಬಿದ್ದು ಸಮಾಜಸೇವೆ ಮಾಡೋಕೆ ಆಗೋದು ಮನೆಯಲ್ಲಿ ಆಸ್ತಿ ಇರೋರಿಗೆ ಮಾತ್ರ. ನಮ್ಮ ಹುಡುಗರಿಗೆ ಸಂಬಳ ಕೊಡದೆ ಕೆಲಸ ಮಾಡಿಸಿದ್ರೆ ಅದಕ್ಕೆ ಹಳೇ ಹೆಸರೊಂದಿದೆ, ಬಿಟ್ಟಿ ಚಾಕರಿ.

ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದಾಗ ಆಡಳಿತ ವೆಚ್ಚದ ಮಿತಿಯನ್ನ ಶೇ 50ರಿಂದ 20ಕ್ಕೆ ಇಳಿಸಿದರು. ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಗೆ ಆ ದುಡ್ಡನ್ನ ವರ್ಗ ಮಾಡೋದನ್ನೂ ನಿಲ್ಲಿಸಿದರು. ಹಳ್ಳಿ ಮಟ್ಟದಲ್ಲಿ ದೌರ್ಜನ್ಯದ ಕೇಸು ಹಿಂದೆ ಓಡಾಡ್ತಿದ್ದ ಸಣ್ಣ ಸಂಘಗಳಿಗೆ ಬಿದ್ದ ಏಟು ಅದು. 2021ರ ಡಿಸೆಂಬರ್ 25ರಂದೇ, ಹೌದು ಕ್ರಿಸ್‌ಮಸ್ ದಿನವೇ, ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿಯ ವಿದೇಶಿ ದೇಣಿಗೆ ನೋಂದಣಿಯ ನವೀಕರಣವನ್ನ ಕೇಂದ್ರ ಗೃಹ ಸಚಿವಾಲಯ ನಿರಾಕರಿಸಿತು. ಜನವರಿಯಲ್ಲಿ ವಾಪಸ್ ಕೊಟ್ಟಿತು. ಅಷ್ಟು ದೊಡ್ಡ ಹೆಸರಿಗೇ ಈ ಗತಿ ಆದ್ರೆ ತಾಲೂಕಿನ ಒಂದು ದಲಿತ ಮಹಿಳಾ ಸಂಘದ ಪಾಡೇನು? ಹಾಗಾಗಿ ನಮ್ಮ ಕೆಲಸಕ್ಕೆ ನಮ್ಮದೇ ದುಡ್ಡು ಸ್ವಲ್ಪವಾದ್ರೂ ಇರಬೇಕು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದೀಕ್ಷೆಯ ಮಾರನೇ ದಿನ ಮಾತಾಡ್ತಾ, ಆದಾಯದ ಇಪ್ಪತ್ತನೇ ಒಂದು ಭಾಗ ಈ ಕೆಲಸಕ್ಕೆ ಕೊಡಬೇಕು ಅಂತ ಕೇಳಿಕೊಂಡರು. ಚರ್ಚಿನೋರ ದಶಮಾಂಶ ಇದೆ, ಮುಸ್ಲಿಮರ ಜಕಾತ್ ಇದೆ. ನಮ್ಮದು ಇಪ್ಪತ್ತರಲ್ಲಿ ಒಂದು. 40 ಸಾವಿರ ಸಂಬಳ ಬರೋರಿಗೆ ತಿಂಗಳಿಗೆ 2,000 ಆಗುತ್ತೆ. ನಾವು 300ರಲ್ಲೇ ಇದ್ದೀವಿ ಅನ್ನೋದೂ ಗೊತ್ತಿರಲಿ.

ಈಗ ಸಾಕ್ಷಿಗಳ ವಿಷಯ. ನಾನು ಈ ಬರಹ ಬರೆಯೋಕೆ ಮುಖ್ಯ ಕಾರಣ ಇದು.

2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಮನೆಯಲ್ಲೇ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿ ಬಿದ್ದರು ಅಂತ ಪತ್ರಿಕೆಗಳು ಬರೆದವು. 2014ರಲ್ಲಿ ಹೈಕೋರ್ಟೂ ಆ ಖುಲಾಸೆಯನ್ನ ಎತ್ತಿಹಿಡಿಯಿತು. ಸಾಕ್ಷಿ ಯಾಕೆ ತಿರುಗಿ ಬೀಳ್ತಾನೆ? ಹೆದರಿಕೆ ಒಂದು. ಅವನು ಅದೇ ಊರಲ್ಲಿ, ಅವರದ್ದೇ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕು. ಇನ್ನೊಂದು, ಪ್ರತಿ ಹಾಜರಿಗೂ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜು ಹೋಗುತ್ತೆ, ಕೋರ್ಟಿಗೆ ಹೋದ್ರೆ ಮುಂದಿನ ತಾರೀಖು ಕೊಡ್ತಾರೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೇ ನಿಯಮ ಇದೆ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣ ಭತ್ಯೆ, ದಿನದ ಖರ್ಚು ಕೊಡಬೇಕು ಅಂತ ಅದು ಹೇಳುತ್ತೆ. ಎಷ್ಟು ಜನ ಸಾಕ್ಷಿಗಳಿಗೆ ಈ ನಿಯಮ ಇದೆ ಅಂತ ಗೊತ್ತು? ಗೊತ್ತಿದ್ದು ಅರ್ಜಿ ಹಾಕಿದ್ರೂ ದುಡ್ಡು ಬರೋದು ಯಾವಾಗಲೋ. ಇವತ್ತಿನ ಕೂಲಿ ಇವತ್ತೇ ಬೇಕಲ್ಲ.

ನಮ್ಮ ತಾಲೂಕಿನಲ್ಲೇ ಈಗ ಒಂದು ಕೇಸು ನಡೀತಿದೆ. ವಿವರ ಇಲ್ಲಿ ಬರೆಯಲ್ಲ, ಆ ಮನೆಯವರಿಗೆ ತೊಂದರೆ ಆಗಬಾರದು. ಆರು ಸಾಕ್ಷಿಗಳು, ಎಲ್ಲರೂ ಕೂಲಿಯೋರು. ಜನವರಿಯಿಂದ ಸಾಕ್ಷಿ ವಿಚಾರಣೆ. ಒಬ್ಬರಿಗೆ ಒಂದು ಹಾಜರಿಗೆ ಕೂಲಿ, ಬಸ್ಸು, ಊಟ ಸೇರಿ 600 ರೂಪಾಯಿ ಅಂತ ಇಟ್ಕೊಂಡ್ರೂ ಆರು ಜನಕ್ಕೆ 3,600. ಐದು ಹಾಜರಿಗೆ 18,000. ಈ ದುಡ್ಡು ಇದ್ರೆ ಅವರು ಕಟಕಟೆಗೆ ಬಂದು ನಿಲ್ತಾರೆ. ಇಲ್ಲ ಅಂದ್ರೆ, ಆ ಕಡೆಯೋರು ಮನೆ ಬಾಗಿಲಿಗೆ ಹೋಗಿ ಅದಕ್ಕಿಂತ ಜಾಸ್ತಿನೇ ಕೊಡೋಕೆ ರೆಡಿ ಇದ್ದಾರೆ, ಬರದೇ ಇರೋದಕ್ಕೆ. ಒಂದು ಎಚ್ಚರಿಕೆನೂ ಹೇಳ್ತೀನಿ: ಸಾಕ್ಷಿ ಹೇಳೋಕೆ ದುಡ್ಡು ಕೊಟ್ರು ಅಂತ ಎದುರು ವಕೀಲರು ಎತ್ತಾಡಬಹುದು. ಅದಕ್ಕೇ ಕೈಗೆ ನಗದು ಕೊಡೋದು ಬೇಡ, ನಮ್ಮ ವಕೀಲರನ್ನ ಕೇಳಿ, ಬಸ್ ಟಿಕೆಟ್ಟು, ಊಟದ ಬಿಲ್ಲು, ಕೂಲಿಯ ಲೆಕ್ಕ ಎಲ್ಲ ಕಾಗದದ ಮೇಲೆ ಇಟ್ಟೇ ಮಾಡೋಣ. ಜೊತೆಗೆ 11ನೇ ನಿಯಮದ ಅರ್ಜಿಯನ್ನೂ ಹಾಕಿಸೋಣ. ಸರ್ಕಾರದ ದುಡ್ಡು ಬಂದ ದಿನ ನಮ್ಮದು ವಾಪಸ್ ನಿಧಿಗೆ ಬರಲಿ, ಮುಂದಿನ ಕೇಸಿಗೆ ಆಗುತ್ತೆ.

ಓದೋ ಮಕ್ಕಳ ಫೀಸು. ಪರಿಶಿಷ್ಟ ಜಾತಿ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಆದ್ರೆ ಕಾಲೇಜು ಫೀಸು ಕೇಳೋದು ಮೊದಲು, ಸ್ಕಾಲರ್‌ಶಿಪ್ ಬರೋದು ಆಮೇಲೆ. ಆ ನಡುವಿನ ತಿಂಗಳುಗಳಲ್ಲಿ ಎಷ್ಟೋ ಹುಡುಗಿಯರು ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಹೋಗ್ತಾರೆ. ಈ ನಡುವಿನ ಗುಂಡಿ ತುಂಬೋಕೆ ಒಂದು ಕೈಗಡ ನಿಧಿ ಇಡೋಣ ಅಂತ ನರ್ಸ್ ಅಕ್ಕ ಹೇಳಿದ್ದಾರೆ. ಸ್ಕಾಲರ್‌ಶಿಪ್ ಬಂದ ಮೇಲೆ ಬಡ್ಡಿ ಇಲ್ಲದೆ ವಾಪಸ್.

ಆದ್ರೆ ಇಲ್ಲೊಂದು ತಕರಾರು ಬಂತು, ಅದೇ ಸಭೆಯಲ್ಲಿ ಜೋರು ಮಾತಿಗೂ ಕಾರಣ ಆಯ್ತು. ಈ ಸಲ ಕೇಳಿರೋ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಚರ್ಚಿಗೆ ಹೋಗೋ ಮನೆಯೋಳು. ಅವಳಿಗೆ ಎಸ್‌ಸಿ ಸ್ಕಾಲರ್‌ಶಿಪ್ ಬರೋದೇ ಇಲ್ಲ, ಹಾಗಾಗಿ ವಾಪಸ್ ಕೊಡೋ ದಾರಿನೂ ಇಲ್ಲ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದ್ರೆ ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಇದನ್ನ ಪರಿಶೀಲಿಸೋಕೆ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು. "ಮತ ಬದಲಾಯಿಸಿದ ಮೇಲೆ ಅವರ ಮಿಷನ್ನೋರೇ ನೋಡ್ಕೊಳ್ಳಲಿ, ನಮ್ಮ ದುಡ್ಡು ಯಾಕೆ" ಅಂತ ಒಬ್ಬ ತಮ್ಮ ಅಂದ. ಚರ್ಚಿನ ಅಕ್ಕ ಸುಮ್ಮನೆ ಎದ್ದು ಹೊರಗೆ ಹೋದ್ರು.

ಆ ತಮ್ಮನಿಗೆ ಇಲ್ಲೂ ಹೇಳ್ತೀನಿ, ಕೋಪ ಮಾಡ್ಕೋಬೇಡ. ಆ ಹುಡುಗಿಯ ಅಜ್ಜ ಏಸುವಿನ ಹೆಸರು ಹೇಳಿದ ಮಾತ್ರಕ್ಕೆ ಊರಿನ ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ ಇಡೋದು ನಿಂತಿತಾ? ಚರ್ಚಿನ ಒಳಗಾದ್ರೂ ನಿಂತಿತಾ? ತಿರುಚಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನ ಬೇರೆ ಮಾಡೋ ಗೋಡೆಯೇ ಇದೆ. ಜಾತಿ ಅವರನ್ನ ಬಿಟ್ಟಿಲ್ಲ, ಸರ್ಟಿಫಿಕೇಟು ಮಾತ್ರ ಬಿಟ್ಟಿದೆ. ಇನ್ನು ಮಿಷನ್ನಿನ ಮಾತು. ಆ ದೊಡ್ಡ ದೊಡ್ಡ ಕಾನ್ವೆಂಟುಗಳಲ್ಲಿ ಯಾರ ಮಕ್ಕಳು ಓದ್ತಾರೆ, ಯಾರ ಮಕ್ಕಳು ಕಸ ಗುಡಿಸ್ತಾರೆ ಅಂತ ಹೋಗಿ ನೋಡು. ಕಾನೂನು ಎಲ್ಲಿ ಕೈ ಬಿಟ್ಟಿದೆಯೋ ಅಲ್ಲಿಗೇ ನಮ್ಮ ದುಡ್ಡು ಮೊದಲು ಹೋಗಬೇಕು. ಹಿಂದೂ ದಲಿತ ಹುಡುಗಿಗೆ ಕೈಗಡ, ಕ್ರೈಸ್ತ ದಲಿತ ಹುಡುಗಿಗೆ ಪೂರ್ತಿ ಕೊಡುಗೆ. ಇದು ಪಕ್ಷಪಾತ ಅಲ್ಲ, ಲೆಕ್ಕ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ: "80ಜಿ ರಶೀದಿ ಕೊಡ್ತೀರಾ?" ಸಣ್ಣ ಸಂಘಗಳಿಗೆ 80ಜಿ ಇರಲ್ಲ, ಅದಕ್ಕೇ ಕೊಡಲ್ಲ ಅನ್ನೋ ನೌಕರ ಬಂಧುಗಳು ತುಂಬಾ ಇದ್ದಾರೆ. ಅವರಿಗೊಂದು ಮಾತು. ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ವಿನಾಯಿತಿ ಇಲ್ಲವೇ ಇಲ್ಲ. ನೀವು ಹೊಸ ಪದ್ಧತಿಯಲ್ಲಿದ್ದರೆ ಆ ರಶೀದಿ ಬರೀ ಕಾಗದ. ಹಳೇ ಪದ್ಧತಿಯಲ್ಲಿದ್ದರೂ 2,000ಕ್ಕಿಂತ ಹೆಚ್ಚು ನಗದು ಕೊಟ್ರೆ ಲೆಕ್ಕಕ್ಕಿಲ್ಲ, ಸಂಸ್ಥೆಯಿಂದ 10ಬಿಇ ಪ್ರಮಾಣಪತ್ರ ಬರಬೇಕು. ಹಾಗಂತ ಕಾಗದ ಬೇಡ ಅಂತ ನಾನು ಹೇಳ್ತಿಲ್ಲ. ನೋಂದಣಿ ಆದ ಸಂಘ ಆದ್ರೆ ಸಂಘಗಳ ನೋಂದಣಾಧಿಕಾರಿಗೆ ಪ್ರತಿ ವರ್ಷ ಲೆಕ್ಕ ಸಲ್ಲಿಸಿರಬೇಕು, ಅದರ ಪ್ರತಿ ಕೇಳಿ. ನೋಂದಣಿ ಇಲ್ಲದ ಕೇರಿ ಸಂಘ ಆದ್ರೆ ಕಳೆದ ವರ್ಷದ ನೋಟ್‌ಬುಕ್ ಕೇಳಿ. ಬರೆದಿಟ್ಟವರು ತೋರಿಸ್ತಾರೆ. ಕೇಳಿದ ತಕ್ಷಣ "ನಮ್ಮ ಮೇಲೆ ನಂಬಿಕೆ ಇಲ್ವಾ ಬ್ರದರ್" ಅನ್ನೋರಿಗೆ, ಅವರು ನೀಲಿ ಶಾಲು ಹಾಕಿದ್ರೂ ಸರಿ, ಕೊಡಬೇಡಿ. ನಮ್ಮೋರು ಅಂತ ಲೆಕ್ಕ ಕೇಳದೇ ಬಿಟ್ಟೇ ಎಷ್ಟು ಸಂಘಟನೆ ಹಾಳಾಗಿವೆ ಅಂತ ನಿಮಗೇ ಗೊತ್ತು.

ಕೊನೆಗೆ ಒಂದು ದೊಡ್ಡ ಲೆಕ್ಕ. ನಮ್ಮ ರಾಜ್ಯದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು. ಜನಸಂಖ್ಯೆಗೆ ತಕ್ಕ ಹಾಗೆ ಶೇ 24.1ರಷ್ಟು ದುಡ್ಡು ನಮಗಾಗಿ ಇಡಬೇಕು. ಅದರಲ್ಲಿದ್ದ 7ಡಿ ಅನ್ನೋ ಕಿಂಡಿಯಿಂದ ಆ ದುಡ್ಡು ಬೇರೆ ಕಾಮಗಾರಿಗೆ ಸೋರಿ ಹೋಗ್ತಿತ್ತು. ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅದನ್ನ ತೆಗೆದರು. ಆದ್ರೂ ಉಳಿದ ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಕೇಳೋ ಕೆಲಸ ಮುಗಿದಿಲ್ಲ. ಈ ಸಾವಿರಾರು ಕೋಟಿ ಮುಂದೆ ನಾಡಿನ ಎಲ್ಲ ಕ್ರಿಸ್‌ಮಸ್ ಕಂಬಳಿ ಸೇರಿಸಿದ್ರೂ ಎಷ್ಟಾಗುತ್ತೆ? 10 ರೂಪಾಯಿಯ ಒಂದು ಮಾಹಿತಿ ಹಕ್ಕು ಅರ್ಜಿ ಹಾಸ್ಟೆಲಿನ ಹಾಸಿಗೆ ಎಲ್ಲಿ ಹೋಯ್ತು ಅಂತ ಕೇಳಬಲ್ಲದು. ಹಾಸ್ಟೆಲಿಗೆ ಹಾಸಿಗೆ ದಾನ ಮಾಡೋ ಮೊದಲು ಆ ಅರ್ಜಿ ಹಾಕಿ.

ಹಾಗಾದ್ರೆ ನನ್ನ ಪ್ರಸ್ತಾಪ ಇದು. 20,000 ಸಾಕ್ಷಿಗಳ ಓಡಾಟಕ್ಕೆ. 15,000 ಆ ಇಬ್ಬರು ಹುಡುಗಿಯರ ಫೀಸಿಗೆ. 3,200 ಅರ್ಜಿ, ಜೆರಾಕ್ಸು, ಅಂಚೆ ಖರ್ಚಿಗೆ. ಉಳಿದ 5,000 ಕೇರಿ ಚರ್ಚಿನ ಕ್ರಿಸ್‌ಮಸ್ ಊಟಕ್ಕೆ. ಈ ಕೊನೇ ಐದು ಸಾವಿರಕ್ಕೆ ಮೂರು ಪ್ರಶ್ನೆ ಕೇಳಬೇಡಿ. ಹೋರಾಟ ಮಾಡೋ ಜನ ವರ್ಷಕ್ಕೊಂದು ದಿನ ಒಂದೇ ಪಂಕ್ತಿಯಲ್ಲಿ ಕೂತು ಬಿರಿಯಾನಿ ತಿಂದ್ರೆ ಅದು ದುಂದುವೆಚ್ಚ ಅಲ್ಲ. ಬಡವರಿಗೆ ಕೊಡೋ ದುಡ್ಡೆಲ್ಲ ಔಷಧಿಗೋ ಪುಸ್ತಕಕ್ಕೋ ಹೋಗಬೇಕು, ಹಬ್ಬಕ್ಕೆ ಹೋಗಬಾರದು ಅನ್ನೋದು ಉಳ್ಳವರು ಮಾಡಿದ ಕಟ್ಟಳೆ. ಅವರ ಮನೆ ಹಬ್ಬಕ್ಕೆ ಯಾರೂ ಕಾರಣ ಕೇಳಲ್ಲ.

ಬರೋ ಭಾನುವಾರ ಸಂಜೆ ಸಭೆ ಇದೆ. ಎದ್ದು ಹೋದ ಅಕ್ಕನಿಗೂ ಆ ತಮ್ಮನಿಗೂ ಇಬ್ಬರಿಗೂ ಫೋನ್ ಮಾಡಿದ್ದೀನಿ, ಬರ್ತೀವಿ ಅಂದಿದ್ದಾರೆ. ನನ್ನ ಪ್ರಸ್ತಾಪ ಬಿದ್ದು ಹೋಗಬಹುದು, ಹನ್ನೆರಡರಲ್ಲಿ ನನ್ನದು ಒಂದು ಕೈ ಅಷ್ಟೇ. ಏನೇ ತೀರ್ಮಾನ ಆದ್ರೂ ರಶೀದಿ ಸಮೇತ ಇಲ್ಲೇ ಹಾಕ್ತೀನಿ. ನಿಮ್ಮ ಊರಲ್ಲೂ ಇಂಥ ಚಂದಾ ಗುಂಪು ಇದ್ರೆ ನೀವು ಹೇಗೆ ಹಂಚ್ತೀರಿ ಅಂತ ಬರೀರಿ. ಸಾಕ್ಷಿ ಭತ್ಯೆ ಅರ್ಜಿಯನ್ನ ನಿಜವಾಗಿ ಮಂಜೂರು ಮಾಡಿಸಿದ ಅನುಭವ ಯಾರಿಗಾದ್ರೂ ಇದ್ರೆ ದಯವಿಟ್ಟು ಮೆಸೇಜ್ ಮಾಡಿ, ಜನವರಿ ಮೊದಲ ಹಾಜರಿಗೆ ಮುಂಚೆ ನಮಗೆ ಅದು ಬೇಕು.

ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ, ಮನುಸ್ಮೃತಿ ದಹನ ದಿನದ ಶುಭಾಶಯಗಳು.

ಜೈ ಭೀಮ್.